ಲಿಕ್ವಿಡ್ ಪ್ಯಾರಾಫಿನ್: 3 ಮಳೆಗಾಲ ಬಳಸಿದ ಮೇಲೆ

ಮೆಡಿಕಲ್ ಶಾಪಿನಲ್ಲಿ ಲಿಕ್ವಿಡ್ ಪ್ಯಾರಾಫಿನ್ ಕೇಳಿದೆ. ಹುಡುಗ ದನಿ ಇಳಿಸಿ, "ಮಲಬದ್ಧತೆ ಯಾರಿಗೆ ಸರ್?" ಎಂದ. "ಕೋವಿಗೆ" ಅಂದೆ. ಪಾಪ, ನಗಬೇಕೋ ಬೇಡವೋ ತಿಳಿಯದೆ ಬಾಟಲಿ ಕೊಟ್ಟ.

ಅದಾಗಿ 3 ವರ್ಷ. ಈಗ ಮನೆಯಲ್ಲಿರುವುದು ನಾಲ್ಕನೇ ಬಾಟಲಿ. ಅರ್ಧ ಲೀಟರಿಗೆ 300 ರೂಪಾಯಿ ದಾಟಿಲ್ಲ. ಚೀಟಿಯಲ್ಲಿ ‘ಐಪಿ’ (ಇಂಡಿಯನ್ ಫಾರ್ಮಕೋಪಿಯಾ) ಅಂತ ಇದೆಯಾ ನೋಡಿ ತಗೊಳ್ಳಿ, ಅದು ಔಷಧಿ ದರ್ಜೆಯದು. ಅಡುಗೆಮನೆ ಸಾಮಾನಿಗೆ ವರ್ಕ್‌ಶಾಪಿನ ಮೆಷಿನ್ ಆಯಿಲ್ ಹಚ್ಚಬೇಡಿ. ಸರಿಯಾಗಿ ಶುದ್ಧ ಮಾಡದ ಮಿನರಲ್ ಎಣ್ಣೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ.

ಮೊದಲು ಎಲ್ಲದಕ್ಕೂ ತೆಂಗಿನೆಣ್ಣೆಯೇ ಆಗಿತ್ತು. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಜುಲೈಯಲ್ಲಿ ಮಡಿಕೇರಿ ಕಡೆ ಚಮಚ ಹಾಕಿ ಕೆರೆಯಬೇಕು. ಹಂದಿ ಮಾಂಸ ಕಡಿಯುವ ನಮ್ಮ ಹುಣಸೆ ಕೊರಡಿಗೆ ಅದನ್ನೇ ತಿಕ್ಕುತ್ತಿದ್ದೆವು. ತಿಂಗಳು ಕಳೆದರೆ ಕಮಟು ವಾಸನೆ. ಪ್ಯಾರಾಫಿನ್ ಕಚ್ಚಾ ತೈಲದಿಂದ ಬಂದದ್ದು, ಬಣ್ಣ, ವಾಸನೆ, ರುಚಿ ಏನೂ ಉಳಿಯದಷ್ಟು ಶುದ್ಧ ಮಾಡಿರುತ್ತಾರೆ. ಕಮಟಾಗಲು ಅದರಲ್ಲಿ ಕೊಬ್ಬೇ ಇಲ್ಲ.

ಕೊರಡಿಗೆ ಎಣ್ಣೆ ಹಚ್ಚುವುದು ನನ್ನ ಭಾನುವಾರದ ಕೆಲಸ. ಬಿಸಿನೀರಿನಲ್ಲಿ ಉಪ್ಪು ಹಾಕಿ ತಿಕ್ಕಿ, ಎರಡು ದಿನ ಮೊದಲೇ ಒಲೆ ಪಕ್ಕ ನಿಲ್ಲಿಸಿರುತ್ತೇನೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟರೆ ಎಣ್ಣೆ ತೆಳುವಾಗುತ್ತದೆ. ಹಳೇ ಬನಿಯನ್ ತುಂಡಿನಲ್ಲಿ ಹಚ್ಚುತ್ತಾ ಹೋದರೆ ಒಣಗಿ ಬಿಳಿಚಿದ ಮರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಕತ್ತಿ ಏಟು ಬಿದ್ದು ಬಾಯಿ ಬಿಟ್ಟ ಜಾಗ ಮಾತ್ರ ಎಷ್ಟು ಹಾಕಿದರೂ ಕುಡಿಯುತ್ತದೆ. ಬೆಳಿಗ್ಗೆ ಮೇಲೆ ಉಳಿದದ್ದನ್ನು ಒರೆಸಿದರೆ ಮುಗಿಯಿತು. ಇಷ್ಟಕ್ಕೇ ನಾನು ಐದಕ್ಕೆ ಐದು ಕೊಡುತ್ತಿದ್ದೆ.

ಆದರೆ ಕೋವಿ ವಿಷಯಕ್ಕೆ ಬಂದರೆ ಬೇಜಾರು. ಅಪ್ಪನ ಒಂಟಿ ನಳಿಗೆಯ ಕೋವಿಗೆ ಮೊದಲ ವರ್ಷ ಧಾರಾಳವಾಗಿ ಸುರಿದು, ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಈ ಎಣ್ಣೆ ಹಚ್ಚಿದಲ್ಲಿ ನಿಲ್ಲುವುದಿಲ್ಲ. ಒಣಗುವುದೂ ಇಲ್ಲ, ಸುಮ್ನೆ ಇಳಿಯುತ್ತಲೇ ಇರುತ್ತದೆ. ಆಗಸ್ಟ್ ಕೊನೆಗೆ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡವರ ಆಯುಧ ಪೂಜೆ ಹಬ್ಬಕ್ಕೆ ಅಂತ ತೆಗೆದರೆ ನಳಿಗೆಯ ಬಾಯಿಯಲ್ಲಿ ಕೆಂಪು ತುಕ್ಕು. ಇಳಿದ ಎಣ್ಣೆಯೆಲ್ಲ ಕೆಳಗೆ ಮರದ ಹಿಡಿ ಕೂಡುವ ಜಾಗಕ್ಕೆ ಹೋಗಿ, ಅಲ್ಲಿ ಮರ ಕಪ್ಪಾಗಿ ಮೆತ್ತಗಾಗಿತ್ತು. ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ರಿಪೇರಿಯವರು ನೋಡಿ, "ಎಣ್ಣೆ ಹಾಕಿದ್ದೋ, ಸ್ನಾನ ಮಾಡಿಸಿದ್ದೋ ಮಾರಾಯ?" ಎಂದರು. ಹಬ್ಬದ ದಿನ, ಸೆಪ್ಟೆಂಬರ್ 3ರಂದು, ಆ ಕೋವಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವಾಗ ಅಪ್ಪ ನನ್ನ ಮುಖವನ್ನೇ ನೋಡಲಿಲ್ಲ.

ಪೂರ್ತಿ ತಪ್ಪು ಎಣ್ಣೆಯದಲ್ಲ ಬಿಡಿ. ಈಗ ಬಟ್ಟೆಗೆ ನಾಲ್ಕೈದು ಹನಿ ಹಾಕಿ ಒರೆಸುತ್ತೇನೆ. ಕೋವಿಯ ಬಾಯಿ ಕೆಳಗೆ ಮಾಡಿ ಇಡುತ್ತೇನೆ. ಜೂನ್ ಬಂತೆಂದರೆ ಕಬ್ಬಿಣದ ಮೇಲೆ ತೆಳ್ಳಗೆ ವ್ಯಾಸಲಿನ್. ಅದೂ ಕಚ್ಚಾ ತೈಲದ್ದೇ ಕೂಸು, ಆದರೆ ಹಚ್ಚಿದಲ್ಲೇ ಕೂರುತ್ತದೆ. ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯ ಅಲಗಿಗೂ ಇದೇ ಕ್ರಮ. ನೂಪುಟ್ಟು (ಅಕ್ಕಿ ಶಾವಿಗೆ) ಒತ್ತುವ ಮರಕ್ಕೆ ಮಾತ್ರ ಪ್ಯಾರಾಫಿನ್ನೇ, ವಾಸನೆ ಹತ್ತುವುದಿಲ್ಲ ಅಲ್ವಾ.

ಇನ್ನೊಂದು ಎಚ್ಚರಿಕೆ. ಏಪ್ರಿಲ್‌ನಲ್ಲಿ ತೆಂಗಿನೆಣ್ಣೆಯೂ ಕರಗಿರುತ್ತದೆ, ಆಗ ಎರಡು ಬಾಟಲಿಗೂ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಹೋದ ವರ್ಷ ನನ್ನ ಹೆಂಡತಿ ಇದನ್ನೇ ಒಗ್ಗರಣೆಗೆ ಸುರಿದಳು. ಸಾಸಿವೆ ಚಟಪಟ ಸಿಡಿಯಿತು, ಆದರೆ ಎಣ್ಣೆಯ ಘಮವೇ ಇಲ್ಲ. ಅವಳಿಗೆ ಅನುಮಾನ ಬಂದದ್ದೇ ಆಗ. ಬಾಣಲೆಯಲ್ಲಿದ್ದದ್ದನ್ನು ಚೆಲ್ಲಿದೆವು. ಈಗ ಬಾಟಲಿಯ ಮೇಲೆ ಅವಳೇ ಮಾರ್ಕರ್‌ನಲ್ಲಿ ದಪ್ಪಗೆ ಬರೆದಿದ್ದಾಳೆ: ‘ಕೋವಿ, ಕೊರಡು. ಸಾರಿಗಲ್ಲ.’