ಸ್ಟ್ರಾ, ತಂತಿ, ಸಾಕ್ಸ್, ದಾರ: ಸೋಪಿನ ಗುಳ್ಳೆಗೆ ಯಾವುದು ವಾಸಿ?

ಮಕ್ಕಳ ಜೊತೆ ಗುಳ್ಳೆ ಬಿಡುವ ಆಟಿಕೆ ಮಾಡೋಕೆ ದೊಡ್ಡ ಸಾಮಾನೇನೂ ಬೇಕಿಲ್ಲ. ಆದರೆ ಒಂದು ಆಟಿಕೆ ಹತ್ತು ನಿಮಿಷಕ್ಕೆ ಬೇಜಾರಾಗುತ್ತದೆ, ಇನ್ನೊಂದು ಕತ್ತಲಾದರೂ ಕೈ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಐದು ವರ್ಷದ ಮಗಳು, ಒಂಬತ್ತು ವರ್ಷದ ಮಗ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಹಾಗಾಗಿ ನಾಲ್ಕು ಬಗೆ ಮಾಡಿ, ನಾಲ್ಕನ್ನೂ ಒಂದೇ ಸೋಪಿನ ನೀರಿನಲ್ಲಿ ಅದ್ದಿ ನೋಡಿದೆವು.

ಸೋಪಿನ ನೀರಿನ ಮಾತು ಮೊದಲು. ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಅದಕ್ಕೇ ಅಲ್ವಾ. ಪಾತ್ರೆ ತೊಳೆಯುವ ಲಿಕ್ವಿಡ್, ಶಾಂಪೂ, ತುರಿದ ಸೋಪು ಮೂರನ್ನೂ ಹೋಲಿಸಿದರೆ ಲಿಕ್ವಿಡ್‌ಗೆ ಎದುರಿಲ್ಲ. ಒಂದು ಲೋಟ ಲಿಕ್ವಿಡ್‌ಗೆ ಆರು ಲೋಟ ನೀರು. ಲಿಕ್ವಿಡ್ ತೆಳುವಾಗಿದ್ದರೆ ನೀರು ಸ್ವಲ್ಪ ಕಡಿಮೆ ಹಾಕಿ. ಶಾಂಪೂವಿನಲ್ಲಿ ನೊರೆ ಜಾಸ್ತಿ, ಗುಳ್ಳೆ ಕಡಿಮೆ. ತುರಿದ ಸೋಪು ಗಡಸು ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಬೆಳ್ಳಗೆ ಒಡೆದು ತೇಲುತ್ತದೆ. ಬಟ್ಟೆ ಒಗೆಯುವ ಪುಡಿ ಮಾತ್ರ ಬೇಡವೇ ಬೇಡ, ಮಕ್ಕಳ ಕೈಗೆ ಅದು ಒಳ್ಳೆಯದಲ್ಲ.

ಸೋಪು ಹಾಕಿದರೆ ನೀರು ಗಟ್ಟಿಯಾಗುತ್ತದೆ, ಅದಕ್ಕೇ ಗುಳ್ಳೆ ಬರುತ್ತದೆ ಅಂತ ಮಗ ಅಂದುಕೊಂಡಿದ್ದ. ಆಗುವುದು ಉಲ್ಟಾ. ಬರೀ ನೀರು ತನ್ನನ್ನು ತಾನೇ ಎಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತದೆ ಅಂದರೆ ತೆಳ್ಳಗೆ ಹರಡಿ ನಿಲ್ಲಲಾರದು. ಸೋಪು ಆ ಬಿಗಿಯನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆ. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಪದರ ಎಲ್ಲಾದರೂ ಹಿಗ್ಗಿ ತೆಳುವಾದರೆ ಅಲ್ಲಿ ಸೋಪು ಕಡಿಮೆಯಾಗಿ ಬಿಗಿ ಏರುತ್ತದೆ. ಆ ಬಿಗಿ ಅಕ್ಕಪಕ್ಕದಿಂದ ನೀರನ್ನು ಎಳೆದುಕೊಂಡು ತೆಳುವಾದ ಜಾಗವನ್ನು ತುಂಬುತ್ತದೆ. ಗುಳ್ಳೆ ತನ್ನ ರಿಪೇರಿಯನ್ನು ತಾನೇ ಮಾಡಿಕೊಳ್ಳುತ್ತದೆ ಅನ್ನಿ.

ಇನ್ನು ಗ್ಲಿಸರಿನ್ನೋ ಸಕ್ಕರೆಯೋ? ಎರಡರ ಕೆಲಸವೂ ನೀರು ಬೇಗ ಆರದಂತೆ ಹಿಡಿದಿಡುವುದು. ಆ ಆರು ಲೋಟಕ್ಕೆ ಒಂದು ದೊಡ್ಡ ಚಮಚ ಗ್ಲಿಸರಿನ್ ಸಾಕು. ಸಕ್ಕರೆಯಾದರೆ ಬಿಸಿ ನೀರಿನಲ್ಲಿ ಮೊದಲೇ ಕರಗಿಸಬೇಕು. ಗುಳ್ಳೆ ಅದರಲ್ಲೂ ಚೆನ್ನಾಗೇ ಬರುತ್ತದೆ, ಆದರೆ ನೆಲ, ಕೈ, ಬಾಗಿಲ ಹಿಡಿ ಎಲ್ಲಾ ಅಂಟಂಟು. ಇರುವೆ ಬೇರೆ. ಸ್ಟ್ರಾದಿಂದ ಊದುವ ಚಿಕ್ಕ ಗುಳ್ಳೆಗೆ ಎರಡೂ ದಂಡ, ಬರೀ ಲಿಕ್ವಿಡ್ ನೀರೇ ಸಾಕು. ದಾರದಲ್ಲಿ ಬಿಡುವ ದೊಡ್ಡ ಗುಳ್ಳೆಗೆ ಮಾತ್ರ ಗ್ಲಿಸರಿನ್ ಇದ್ದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಕಲಸಿದ ನೀರನ್ನು ರಾತ್ರಿಯಿಡೀ ಹಾಗೇ ಬಿಟ್ಟರೆ ಇನ್ನೂ ವಾಸಿ, ನೊರೆಯೆಲ್ಲಾ ಇಳಿದುಹೋಗಿರುತ್ತದೆ. ನೊರೆ ಗುಳ್ಳೆಯ ಶತ್ರು. ಮಕ್ಕಳಿಗೋ ನೊರೆ ಎಬ್ಬಿಸುವುದೇ ಖುಷಿ. ಅವರಿಗೆ ಬೇರೆ ಬಟ್ಟಲು ಕೊಟ್ಟುಬಿಡಿ.

ಈಗ ಆಟಿಕೆಗಳು. ಸ್ಟ್ರಾ ಎಲ್ಲಕ್ಕಿಂತ ಸುಲಭ. ಸುಮ್ನೆ ಅದ್ದಿ ಊದಿದರೆ ಗೋಲಿಯಷ್ಟು ಗುಳ್ಳೆ ಬರುತ್ತದೆ, ಅಷ್ಟೇ. ತುದಿಯನ್ನು ಬೆರಳಿನ ಉಗುರಿನಷ್ಟು ಉದ್ದ ನಾಲ್ಕು ಕಡೆ ಸೀಳಿ, ಸೀಳನ್ನು ಹೊರಗೆ ಮಡಚಿ ನೋಡಿ. ಗುಳ್ಳೆಗೆ ಕೂರೋಕೆ ಅಗಲವಾದ ಜಾಗ ಸಿಗುತ್ತದೆ, ಮೆಲ್ಲಗೆ ಊದಿದರೆ ಮುಷ್ಟಿ ಗಾತ್ರಕ್ಕೆ ಬೆಳೆಯುತ್ತದೆ. ತೊಂದರೆ ಒಂದೇ: ಮಕ್ಕಳಿಗೆ ಸ್ಟ್ರಾ ಅಂದರೆ ಹೀರುವುದು. ಬಾಯಿಯ ಕಡೆಯ ತುದಿಯ ಹತ್ತಿರ ದಪ್ಪ ಸೂಜಿಯಿಂದ ಒಂದೆರಡು ತೂತು ಮಾಡಿ. ಹೀರಿದರೆ ಆ ತೂತಿನಿಂದ ಗಾಳಿ ನುಗ್ಗುತ್ತದೆ, ಸೋಪಿನ ನೀರು ಮೇಲೆ ಏರುವುದು ಕಷ್ಟ. ಊದೋಕೆ ಅಷ್ಟೇನೂ ಅಡ್ಡಿಯಿಲ್ಲ. ಆದರೂ ಮೊದಲು ಬರೀ ನೀರಿನಲ್ಲಿ ಊದಿಸಿ ನೋಡಿ. ಊದುವುದಕ್ಕೂ ಹೀರುವುದಕ್ಕೂ ಇನ್ನೂ ಗೊಂದಲ ಇರುವ ಮಗುವಿಗೆ ಸ್ಟ್ರಾ ಬೇಡ.

ತಂತಿಯ ಬಳೆಗೆ ನನ್ನ ಮತ ಜಾಸ್ತಿ. ಬಗ್ಗುವ ತಂತಿಯನ್ನು ಸುತ್ತಿ ಹಿಡಿ ಮಾಡಿ, ಚೂಪಾದ ತುದಿಯನ್ನು ಒಳಗೆ ಮಡಚಿ ಟೇಪ್ ಹಚ್ಚಬೇಕು. ಗುಟ್ಟು ಇರುವುದು ಮುಂದೆ. ಬರೀ ತಂತಿ ನೀರು ಹಿಡಿಯುವುದಿಲ್ಲ, ಒಂದೋ ಎರಡೋ ಗುಳ್ಳೆಗೆ ಖಾಲಿ. ಅದೇ ಬಳೆಗೆ ಹತ್ತಿಯ ದಾರ ಒತ್ತೊತ್ತಾಗಿ ಸುತ್ತಿ ಅದ್ದಿದರೆ ದಾರ ನೀರು ಕುಡಿದು ಕೂರುತ್ತದೆ. ಒಂದು ಸಲ ಬೀಸಿದರೆ ಸಾಲಾಗಿ ಗುಳ್ಳೆ ಹೊರಡುತ್ತವೆ. ಎರಡು ಬಳೆ ಮಾಡಿ, ಒಂದಕ್ಕೆ ಮಾತ್ರ ದಾರ ಸುತ್ತಿ ಮಕ್ಕಳ ಕೈಗೆ ಕೊಡಿ. ದಾರ ಯಾಕೆ ಅಂತ ನೀವು ಹೇಳಬೇಕಾಗಿಲ್ಲ.

ಮಗ ನಕ್ಷತ್ರದ ಆಕಾರ ಮಾಡಿದ, ನಕ್ಷತ್ರದ ಗುಳ್ಳೆ ಬರಬೇಕು ಅಂತ ಹಟ. ತಂತಿಯಲ್ಲಿ ಪದರ ನಕ್ಷತ್ರವಾಗಿಯೇ ನಿಲ್ಲುತ್ತದೆ, ಬಿಟ್ಟು ಹೊರಟ ಗುಳ್ಳೆ ಮಾತ್ರ ದುಂಡಗೆ. ಒಳಗಿರುವ ಅಷ್ಟು ಗಾಳಿಯನ್ನು ಅತಿ ಕಡಿಮೆ ಮೈಯಲ್ಲಿ ಸುತ್ತಿಕೊಳ್ಳೋಕೆ ಗೋಳಕ್ಕಿಂತ ಒಳ್ಳೆಯ ಆಕಾರ ಇಲ್ಲ. ಚೌಕ, ಮೀನು, ಮಗಳ ಹೆಸರಿನ ಮೊದಲ ಅಕ್ಷರ, ಎಲ್ಲದರಿಂದಲೂ ಬಂದದ್ದು ದುಂಡು ಗುಳ್ಳೆಯೇ.

ಬಳೆಯನ್ನು ಅದ್ದಿ, ಊದದೆ, ಕಿಟಕಿಯ ಬೆಳಕಿಗೆ ನೆಟ್ಟಗೆ ಹಿಡಿದು ನೋಡುವುದೂ ಒಂದು ಆಟ. ಮೊದಲು ಬಣ್ಣವೇ ಕಾಣುವುದಿಲ್ಲ. ಸ್ವಲ್ಪ ಹೊತ್ತಿಗೆ ಗುಲಾಬಿ, ಹಸಿರು ಪಟ್ಟೆಗಳು ಮೇಲಿನಿಂದ ಹುಟ್ಟಿ ಕೆಳಗೆ ಜಾರುತ್ತವೆ. ನೀರು ಕೆಳಗಿಳಿದಂತೆ ಮೇಲಿನ ಭಾಗ ತೆಳುವಾಗುತ್ತಾ ಹೋಗುತ್ತದೆ. ಪದರದ ಮುಂಭಾಗದಿಂದ, ಹಿಂಭಾಗದಿಂದ ಮರಳುವ ಬೆಳಕು ಒಂದಕ್ಕೊಂದು ಸೇರಿ ಒಂದೊಂದು ದಪ್ಪಕ್ಕೆ ಒಂದೊಂದು ಬಣ್ಣ ತೋರಿಸುತ್ತದೆ. ಕೊನೆಗೆ ತುದಿಯಲ್ಲಿ ಬಣ್ಣ ಸತ್ತು ಕಪ್ಪಾಗುತ್ತದೆ. ಅಲ್ಲಿ ಪದರದ ದಪ್ಪ ಬೆಳಕಿನ ಅಲೆಗಿಂತ ಎಷ್ಟೋ ಕಡಿಮೆ. ಕಪ್ಪು ಕಂಡಿತು ಅಂದರೆ ಒಡೆಯೋಕೆ ಬಂತು ಅಂತ ಅರ್ಥ. ಇದನ್ನು ಕಂಡುಕೊಂಡ ಮೇಲೆ ಮಗ "ಈಗ, ಈಗ" ಅಂತ ಮೊದಲೇ ಕೂಗುತ್ತಾನೆ. ಮುಕ್ಕಾಲು ಸಲ ಸರಿ ಇರುತ್ತದೆ.

ಸಾಕ್ಸ್ ಬಾಟಲಿ ಮಗಳ ಆಯ್ಕೆ. ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಅಂಚಿಗೆ ಟೇಪ್ ಹಚ್ಚಿ, ಹಳೆಯ ಸಾಕ್ಸ್ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಸಾಕ್ಸನ್ನು ತಟ್ಟೆಯ ನೀರಿಗೆ ಅದ್ದಿ ಬಾಟಲಿಯ ಬಾಯಿಂದ ಊದಿದರೆ ನೊರೆಯ ಹಾವು ಉದ್ದಕ್ಕೆ ಹೊರಬರುತ್ತದೆ. ಐದು ವರ್ಷದವರಿಗೆ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ. ತೆಳು ಹತ್ತಿಯ ಸಾಕ್ಸ್ ಇರಲಿ, ದಪ್ಪದ್ದಾದರೆ ಊದಿ ಊದಿ ಮಗುವಿನ ಕೆನ್ನೆ ನೋಯುತ್ತದೆ. ಇದಕ್ಕೆ ಸೋಪಿನ ನೀರು ಹೇಗಿದ್ದರೂ ನಡೆಯುತ್ತದೆ, ಅದೇ ಇದರ ಲಾಭ. ಆದರೆ ನಾಲ್ಕರಲ್ಲಿ ನೀರು ಬೇಗ ಮುಗಿಸುವುದೂ ಇದೇ. ದೊಡ್ಡವನಿಗೆ ಬೇಗ ಬೇಜಾರು, ಯಾಕೆಂದರೆ ಗುಳ್ಳೆ ಹಾರುವುದಿಲ್ಲ. ಒಂದು ಎಚ್ಚರ: ಉಸಿರು ಎಳೆದುಕೊಳ್ಳುವಾಗ ಬಾಟಲಿ ಬಾಯಿಂದ ದೂರ ಇರಬೇಕು. ಇಲ್ಲದಿದ್ದರೆ ನೊರೆ ಒಳಗೆ ಹೋಗುತ್ತದೆ. ಹಾಗಾಗಿ ಇದನ್ನು ಕೊಟ್ಟು ಅಡುಗೆಮನೆಗೆ ಹೋಗುವ ಹಾಗಿಲ್ಲ.

ಉಳಿದದ್ದು ಎರಡು ಕೋಲು, ದಾರ. ದೊಡ್ಡ ಮಕ್ಕಳಿಗೆ ನನ್ನ ಪ್ರಕಾರ ಇದೇ ಗೆಲ್ಲುವುದು. ಕೋಲಿನ ತುದಿಗಳ ಮಧ್ಯೆ ಒಂದು ಮೊಳ ದಾರ, ಅದರ ಕೆಳಗೆ ಎರಡು ಮೊಳದಷ್ಟು ಇನ್ನೊಂದು, ಆ ಉದ್ದದ ದಾರದ ನಡುವೆ ತೂಕಕ್ಕೆ ಒಂದು ವಾಷರ್. ದಾರ ಹತ್ತಿಯದೇ ಆಗಬೇಕು, ನೈಲಾನ್ ನೀರು ಹೀರುವುದಿಲ್ಲ. ಕೋಲುಗಳನ್ನು ಜೋಡಿಸಿ ಹಿಡಿದು ಬಕೆಟ್ಟಿಗೆ ಅದ್ದಿ, ಜೋಡಿಸಿಯೇ ಎತ್ತಿ, ಆಮೇಲೆ ಮೆಲ್ಲಗೆ ಅಗಲಿಸಿ. ಊದುವುದು ಬೇಡ, ಎರಡು ಹೆಜ್ಜೆ ಹಿಂದೆ ನಡೆದರೆ ಸಾಕು. ಗುಳ್ಳೆ ಉಬ್ಬಿದ ಮೇಲೆ ಕೋಲುಗಳನ್ನು ಮತ್ತೆ ಜೋಡಿಸಿದರೆ ಅದು ಕಳಚಿಕೊಂಡು ಹೊರಡುತ್ತದೆ, ಹೊಟ್ಟೆ ಅಲ್ಲಾಡಿಸುತ್ತಾ. ಮೊದಮೊದಲು ಎಲ್ಲರೂ ಅವಸರದಲ್ಲಿ ಅಗಲಿಸಿ ಒಡೆಯುತ್ತಾರೆ. ಚಿಕ್ಕವಳಿಗೆ ಎರಡು ಕೈ ಒಟ್ಟಿಗೆ ಆಡಿಸುವುದು ಇನ್ನೂ ಆಗಿಲ್ಲ, ಅಣ್ಣನ ಗುಳ್ಳೆ ಒಡೆಯುವ ಕೆಲಸ ಅವಳದು. ಇಬ್ಬರೂ ಸುಖಿ.

ದಾರದ ಆಟಕ್ಕೆ ಹೊತ್ತು ನೋಡಬೇಕು. ಬಿಸಿಲಿನ ಮಧ್ಯಾಹ್ನ, ಒಣ ಗಾಳಿಯಲ್ಲಿ ಎಷ್ಟು ಗ್ಲಿಸರಿನ್ ಹಾಕಿದರೂ ಗುಳ್ಳೆ ನಿಲ್ಲುವುದಿಲ್ಲ. ಮಳೆ ನಿಂತ ಮೇಲೆ, ಗಾಳಿ ಸತ್ತ ಹೊತ್ತಿನಲ್ಲಿ ಅದೇ ನೀರು ಮೊದಲಿಗಿಂತ ಎಷ್ಟೋ ದೊಡ್ಡ ಗುಳ್ಳೆ ಕೊಡುತ್ತದೆ. ಗುಳ್ಳೆಯನ್ನು ಕೈಯಲ್ಲಿ ಹಿಡಿಯುವ ಆಸೆಯಿದ್ದರೆ ಕೈಯನ್ನು ಸೋಪಿನ ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ, ಒಣ ಬೆರಳು ತಾಗಿದರೆ ಒಡೆಯುತ್ತದೆ. ಚಿಕ್ಕ ಗುಳ್ಳೆಯಾದರೆ ಉಣ್ಣೆಯ ಕೈಗವಸಿನ ಮೇಲೆ ಚೆಂಡಿನ ಹಾಗೆ ಪುಟಿಸಲೂಬಹುದು. ಹಾಂ, ಟೈಲ್ಸ್ ಮೇಲೆ ಯಾವುದನ್ನೂ ಆಡಿಸಬೇಡಿ, ಜಾರಿ ಬಿದ್ದರೆ ಏಟು ಜೋರು.

ಉಳಿದ ನೀರನ್ನು ಚೆಲ್ಲಬೇಕಾಗಿಲ್ಲ. ಗ್ಲಿಸರಿನ್ ಹಾಕಿದ್ದು ಮುಚ್ಚಿಟ್ಟರೆ ಮುಂದಿನ ವಾರಕ್ಕೂ ಬರುತ್ತದೆ, ಸಕ್ಕರೆಯದ್ದು ಕೆಡುತ್ತದೆ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಿಡಬೇಡಿ. ನೋಡೋಕೆ ಶರಬತ್ತಿನ ಹಾಗೇ ಇರುತ್ತದೆ.