ಕೆಟ್ಟು ನಿಂತ ಎಲೆಕ್ಟ್ರಿಕ್ ಕಾರಿಗೆ ಹೈಡ್ರಾಲಿಕ್ ವೀಲ್ ಡಾಲಿ: ಕೊಳ್ಳುವ ಮುನ್ನ ನೆಲ ನೋಡಿ

ಪೆಟ್ರೋಲ್ ಕಾರು ಗ್ಯಾರೇಜಿನಲ್ಲಿ ಕೆಟ್ಟು ನಿಂತರೆ ನ್ಯೂಟ್ರಲ್‌ಗೆ ಹಾಕಿ ಇಬ್ಬರು ತಳ್ಳಿದರೆ ಆಯಿತು. ಎಲೆಕ್ಟ್ರಿಕ್ ಕಾರಿನದ್ದು ಬೇರೆ ಕಥೆ. ಲೈಟು, ಲಾಕು, ಕಂಪ್ಯೂಟರುಗಳಿಗೆ ಕರೆಂಟು ಕೊಡುವ ಪುಟ್ಟ 12 ವೋಲ್ಟ್ ಬ್ಯಾಟರಿ ಸತ್ತರೆ ಕಾರು ಪಾರ್ಕ್‌ನಿಂದ ಹೊರಗೆ ಬರುವುದಿಲ್ಲ. ಹಲವು ಕಾರುಗಳಲ್ಲಿ ಮೋಟಾರಿನ ಗೇರ್‌ಬಾಕ್ಸಿನೊಳಗಿನ ಕೊಕ್ಕೆ ಡ್ರೈವ್ ಚಕ್ರಗಳನ್ನು ಹಿಡಿದಿರುತ್ತದೆ, ಹಿಂದಿನ ಚಕ್ರಗಳನ್ನು ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಕಚ್ಚಿಕೊಂಡಿರುತ್ತದೆ. ಟೋಯಿಂಗ್ ಟ್ರಕ್ಕಿಗೆ ಒಳಗೆ ಬರಲು ಜಾಗ ಇಲ್ಲದಾಗ ಕೆಲಸಕ್ಕೆ ಬರುವುದು, ಕಾಲಿನಿಂದ ತುಳಿದು ಎತ್ತುವ ಹೈಡ್ರಾಲಿಕ್ ವೀಲ್ ಡಾಲಿ: ಕಾರಿನ ಒಂದೊಂದು ಚಕ್ರವನ್ನು ಹೊತ್ತು ಸರಿಸುವ, ಪುಟ್ಟ ಚಕ್ರಗಳ ಚೌಕಟ್ಟು.

ಡಾಲಿ ತರುವ ಮೊದಲು 12 ವೋಲ್ಟ್ ಬ್ಯಾಟರಿಗೆ ಜಂಪ್ ಸ್ಟಾರ್ಟರ್ ಕೊಟ್ಟು ನೋಡಲೇಬೇಕು. ಎಷ್ಟೋ ಸಲ ಅಷ್ಟಕ್ಕೇ ಪಾರ್ಕ್ ಬಿಡುತ್ತದೆ, ಚಕ್ರಗಳು ಉರುಳಲು ಬಿಡುವ ಟೋ ಮೋಡ್ ಸಿಗುತ್ತದೆ. ಕಾರು ಟ್ರಕ್ ಹತ್ತುವವರೆಗೂ ಜಂಪ್ ಸ್ಟಾರ್ಟರ್ ತೆಗೆಯಬೇಡಿ. ವೋಲ್ಟೇಜ್ ಇಳಿದರೆ ಹಲವು ಕಾರುಗಳು ನಡುದಾರಿಯಲ್ಲೇ ತಾವಾಗಿ ಮತ್ತೆ ಪಾರ್ಕ್‌ಗೆ ಬೀಳುತ್ತವೆ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ಲುಗಳ ತಂಟೆಗೆ ಮಾತ್ರ ಹೋಗಕೂಡದು.

ಅದೂ ಫಲಿಸದಿದ್ದರೆ ಡಾಲಿ. ಜಾಕ್ ಹಾಕಿ ಎತ್ತಿ ಚಕ್ರದಡಿ ತಟ್ಟೆ ತೂರಿಸುವ ಅಗ್ಗದ ಮಾದರಿಯೂ ಉಂಟು. ಎಲೆಕ್ಟ್ರಿಕ್ ಕಾರಿಗೆ ಅದು ಬೇಡ. ನೆಲದುದ್ದಕ್ಕೂ ಬ್ಯಾಟರಿ ಪ್ಯಾಕ್ ಇರುವುದರಿಂದ ಜಾಕ್ ಒಂದಿಷ್ಟು ಆಚೀಚೆ ಆದರೂ ಪೆಟ್ಟು ಪ್ಯಾಕಿಗೇ. ಹೈಡ್ರಾಲಿಕ್ ಡಾಲಿಯ ದೊಡ್ಡ ಗುಣ ಇದೇ: ಅದು ಕಾರಿನ ಹೊಟ್ಟೆಯನ್ನು ಮುಟ್ಟುವುದೇ ಇಲ್ಲ. ಟೈರಿನ ಹಿಂದೆ ಮುಂದೆ ಒಂದೊಂದು ರೋಲರ್ ಬರುವಂತೆ ಪಕ್ಕದಿಂದ ತೂರಿಸಿ ಪೆಡಲ್ ತುಳಿದರೆ ಎರಡೂ ರೋಲರ್‌ಗಳು ಹತ್ತಿರ ಬಂದು ಟೈರನ್ನು ಹಿಸುಕಿ ಮೇಲೆತ್ತುತ್ತವೆ. ಟೈರು ನೆಲ ಬಿಟ್ಟ ಮೇಲೆ ಲಾಕ್ ಪಿನ್ ಹಾಕುವುದನ್ನು ಮರೆತರೆ, ಹೈಡ್ರಾಲಿಕ್ ಸೀಲ್ ಸೋರುತ್ತಿದ್ದಾಗ ಕಾರು ಮೆಲ್ಲಗೆ ಕೆಳಗಿಳಿಯುತ್ತದೆ. ರ‍್ಯಾಚೆಟ್ ಪೆಡಲ್‌ನ ಮಾದರಿ ಸಣ್ಣ ಕಾರಿಗೆ ಸಾಕು, ಭಾರದ ಕಾರಿಗೆ ತುಳಿದು ತುಳಿದು ಕಾಲು ಸೋಲುತ್ತದೆ.

ತೂಕದ ಲೆಕ್ಕದಲ್ಲಿ ಜನ ಎಡವುತ್ತಾರೆ. ಈ ಡಾಲಿಗಳಲ್ಲಿ ಒಂದೊಂದಕ್ಕೆ 680 ಕಿಲೋ ಸಾಮರ್ಥ್ಯ ಎಂದು ಬರೆದಿರುವುದು ಸಾಮಾನ್ಯ. 2,100 ಕಿಲೋ ಕಾರನ್ನು ನಾಲ್ಕಕ್ಕೆ ಹಂಚಿದರೆ 525, ಆರಾಮ ಅನ್ನಿಸುತ್ತದೆ. ಆದರೆ ನೆಲ ಸ್ವಲ್ಪ ಏರುತಗ್ಗಿದ್ದರೂ ಒಂದು ಡಾಲಿ ಹಗುರಾಗಿ ಉಳಿದವುಗಳ ಮೇಲೆ ಭಾರ ಬೀಳುತ್ತದೆ. ಅಂಥ ಕಾರಿಗೆ ಇನ್ನೂ ಹೆಚ್ಚು ಸಾಮರ್ಥ್ಯದ್ದೇ ಸರಿ. ಹಿಂದಿನ ಚಕ್ರ ಮಾತ್ರ ಎಳೆಯುವ ಕಾರಾದರೆ ಕೊಕ್ಕೆಯೂ ಬ್ರೇಕೂ ಹಿಂದೆಯೇ ಇರುವುದರಿಂದ ಎರಡು ಡಾಲಿಯಲ್ಲೂ ಕೆಲಸ ನಡೆಯುತ್ತದೆ. ಮುಂದಿನ ಚಕ್ರ ಎಳೆಯುವುದಕ್ಕೆ ಮುಂದೆ ಕೊಕ್ಕೆ, ಹಿಂದೆ ಬ್ರೇಕ್. ನಾಲ್ಕೂ ಬೇಕು.

ನಿಜವಾದ ದೌರ್ಬಲ್ಯ ಕೆಳಗಿನ ಪುಟ್ಟ ಚಕ್ರಗಳಲ್ಲಿದೆ. ನುಣುಪು ಕಾಂಕ್ರೀಟ್ ಮೇಲೆ ಇಬ್ಬರು ತಳ್ಳಿದರೆ ಕಾರು ಅಡ್ಡಡ್ಡಲಾಗಿಯೂ ಸರಿಯುತ್ತದೆ; ಗೋಡೆ, ಕಂಬಗಳ ನಡುವಿನಿಂದ ಬಿಡಿಸಲು ಇದಕ್ಕಿಂತ ಒಳ್ಳೆಯ ಸಾಧನ ಕಾಣೆ. ಅದೇ ಚಕ್ರ ಟೈಲ್ಸ್ ಸಂದಿಗೆ, ನೀರಿನ ಕಾಲುವೆಯ ಜಾಲರಿಗೆ, ಒಂದು ಜಲ್ಲಿಕಲ್ಲಿಗೆ ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ. ಮೊದಲು ಗುಡಿಸಿ, ಸಂದಿ ಮೇಲೆ 18 ಎಂಎಂ ಪ್ಲೈವುಡ್ ಹಾಸಿ. ಪಾಲಿಯುರೆಥೇನ್ ಚಕ್ರ ನೆಲಕ್ಕೆ ಗೀರು ಬೀಳಿಸುವುದಿಲ್ಲ, ಉಕ್ಕಿನ ಚಕ್ರ ಟೈಲ್ಸ್ ಒಡೆಯಬಹುದು. ಗಾಳಿ ಇಲ್ಲದ ಟೈರಿದ್ದರೆ ಮೊದಲು ಗಾಳಿ ತುಂಬಿಸಿ, ಇಲ್ಲವಾದರೆ ರೋಲರ್ ಚಪ್ಪಟೆ ಟೈರನ್ನು ಎತ್ತುವ ಬದಲು ರಿಮ್ಮಿಗೆ ಒತ್ತುತ್ತದೆ. ಗೋಡೆ ಪಕ್ಕ ಒಬ್ಬರು ನಿಂತು ತುಳಿಯುವಷ್ಟು ಜಾಗ ಇದೆಯೇ ಎಂದೂ ಅಳೆದುಕೊಳ್ಳಿ.

ಇಳಿಜಾರಿನಲ್ಲಿ ಇದನ್ನು ಬಳಸಲೇಬೇಡಿ. ನಾಲ್ಕೂ ಚಕ್ರ ಡಾಲಿ ಮೇಲಿದ್ದರೆ ಪಾರ್ಕ್ ಇಲ್ಲ, ಬ್ರೇಕ್ ಇಲ್ಲ, ಎರಡು ಟನ್ ಭಾರಕ್ಕೆ ಹಿಡಿತವೇ ಇಲ್ಲ. ಗ್ಯಾರೇಜಿನ ಹೊರಗೆ ಇಳಿಜಾರಿದ್ದರೆ ಬಾಗಿಲಿಗಿಂತ ಮೊದಲೇ, ಸಮನೆಲದಲ್ಲೇ ಕಾರನ್ನು ಡಾಲಿಯಿಂದ ಇಳಿಸಿ. ಅಲ್ಲಿಂದ ಮುಂದೆ ಟ್ರಕ್ಕಿನವರು ಲಾಕ್ ಆದ ಟೈರಿನಡಿ ಜಾರುವ ಪ್ಲಾಸ್ಟಿಕ್ ತಟ್ಟೆ (ಸ್ಕೇಟ್) ಇಟ್ಟು, ಟೋ ಹುಕ್ಕಿಗೆ ವಿಂಚ್ ಹಾಕಿ ನೇರವಾಗಿ, ನಿಧಾನವಾಗಿ ಎಳೆಯಲಿ. ಓರೆಯಾಗಿ ಎಳೆದರೆ ಹುಕ್ಕು ಬಾಗುತ್ತದೆ. ಇಡೀ ಕಾರನ್ನು ಮೇಲೆ ಹೊರುವ ಫ್ಲಾಟ್‌ಬೆಡ್ ಟ್ರಕ್ಕನ್ನೇ ಕರೆಸಿ. ಡ್ರೈವ್ ಚಕ್ರ ರಸ್ತೆಯ ಮೇಲೆ ಉರುಳಿದರೆ ಮೋಟಾರು ಜನರೇಟರಿನಂತೆ ವಿದ್ಯುತ್ ಹುಟ್ಟಿಸಿ ಮೋಟಾರಿಗೆ ವಿದ್ಯುತ್ ಒದಗಿಸುವ ಇನ್ವರ್ಟರ್ ಸುಡಬಹುದು.

ಕೆಟ್ಟ ಕಾರುಗಳು ಆಗಾಗ ಬರುವ ವರ್ಕ್‌ಶಾಪಿಗೆ ನಾಲ್ಕರ ಸೆಟ್ ಕೊಳ್ಳುವುದು ಸರಿ. ಮನೆಯ ಒಂದೇ ಕಾರಿಗೆ ಬಾಡಿಗೆಗೆ ತಂದರೆ ಸಾಕು, ಉಳಿದ ಹಣಕ್ಕೆ ಒಂದು ಒಳ್ಳೆಯ ಜಂಪ್ ಸ್ಟಾರ್ಟರ್ ಇಟ್ಟುಕೊಳ್ಳಿ. ಕಾರಿನೊಳಗಲ್ಲ, ಹೊರಗೆ: 12 ವೋಲ್ಟ್ ಸತ್ತ ಮೇಲೆ ಡಿಕ್ಕಿಯೂ ತೆರೆಯದಿರಬಹುದು.