ರನ್ನಿಂಗ್ ರೆಕಾರ್ಡ್: ಮಕ್ಕಳ ಓದನ್ನು ದಾಖಲಿಸಲು ಎಷ್ಟು ಪ್ರಯೋಜನ?

ಪ್ರಗತಿಪತ್ರದಲ್ಲಿ 'ಓದು ಸುಧಾರಿಸಬೇಕು' ಎಂದು ಬರೆದರೆ ಮಗು ಎಲ್ಲಿ ಎಡವುತ್ತಿದೆ ಎಂಬುದು ತಿಳಿಯುವುದಿಲ್ಲ. ಅದನ್ನು ತೋರಿಸಿಕೊಡುವುದೇ ನ್ಯೂಜಿಲೆಂಡಿನ ಶಿಕ್ಷಣತಜ್ಞೆ ಮೇರಿ ಕ್ಲೇ ರೂಪಿಸಿದ ರನ್ನಿಂಗ್ ರೆಕಾರ್ಡ್ ಎಂಬ ದಾಖಲೆ ಕ್ರಮ. ಆ್ಯಪ್ ಬೇಡ, ಒಂದು ಹಾಳೆ ಮತ್ತು ಪೆನ್ಸಿಲ್ ಸಾಕು. ಒಂದು ಮಗುವಿಗೆ ಹತ್ತು ನಿಮಿಷ ಹಿಡಿಯುತ್ತದೆ.

ಮಗು ಗಟ್ಟಿಯಾಗಿ ಓದುವಾಗ ಸರಿಯಾದ ಪ್ರತಿ ಪದಕ್ಕೂ ಒಂದು ಟಿಕ್ ಹಾಕಬೇಕು. ತಪ್ಪು ಓದಿದರೆ ಗೆರೆ ಎಳೆದು, ಮೇಲೆ ಮಗು ಹೇಳಿದ್ದನ್ನು, ಕೆಳಗೆ ಪಠ್ಯದ ಪದವನ್ನು ಬರೆಯಬೇಕು. ಬಿಟ್ಟ ಪದ, ಸೇರಿಸಿದ ಪದ, ಶಿಕ್ಷಕರೇ ಹೇಳಿಕೊಟ್ಟ ಪದ ತಲಾ ಒಂದು ತಪ್ಪು. ಮತ್ತೆ ಮತ್ತೆ ಓದಿದ್ದು, ತಾನೇ ತಿದ್ದಿಕೊಂಡಿದ್ದು ತಪ್ಪಲ್ಲ. 120 ಪದಗಳಲ್ಲಿ 9 ತಪ್ಪಾದರೆ ನಿಖರತೆ ಶೇ. 92.5. ಶೇ. 95 ಮತ್ತು ಮೇಲ್ಪಟ್ಟರೆ ಆ ಪಠ್ಯ ಸುಲಭ, 90ರಿಂದ 94 ಇದ್ದರೆ ಪಾಠ ಮಾಡಲು ತಕ್ಕದ್ದು, 90ಕ್ಕಿಂತ ಕಡಿಮೆಯಾದರೆ ಕಷ್ಟ.

ಎಡವಟ್ಟಾಗುವುದು ಹೆಚ್ಚಾಗಿ ಪಠ್ಯದ ಆಯ್ಕೆಯಲ್ಲಿ. 40 ಪದಗಳ ತುಣುಕಿನಲ್ಲಿ ಒಂದೇ ತಪ್ಪಿಗೆ ಶೇ. 2.5 ಇಳಿಯುತ್ತದೆ, ಹಾಗಾಗಿ ಕನಿಷ್ಠ 100 ಪದಗಳಿರಲಿ. ತರಗತಿಯಲ್ಲಿ ಆಗಲೇ ಓದಿಸಿದ ಪಾಠವನ್ನು ಕೊಟ್ಟರೆ ಬಾಯಿಪಾಠವೂ ಓದಿನಂತೆಯೇ ಕೇಳುತ್ತದೆ. ಒಂದೇ ಪಠ್ಯದ ಅಂಕ ನಂಬಿ ಮಟ್ಟ ನಿರ್ಧರಿಸುವುದೂ ತಪ್ಪು. ಮೂರು ಪಠ್ಯ ಓದಿಸಿ ನಡುವಿನ ಅಂಕ ತೆಗೆದುಕೊಳ್ಳಿ.

ಕನ್ನಡ ಓದಿಗೆ ಈ ಪದ್ಧತಿಯನ್ನು ಹಾಗೆಯೇ ಬಳಸಿದರೆ ಸಾಲದು. 'ಮನೆಯಲ್ಲಿದ್ದವರಿಗೆ' ಎಂಬ ಎಂಟಕ್ಷರದ ಪದದಲ್ಲಿ ಒಂದು ಒತ್ತು ತಪ್ಪಿದರೂ, ಇಡೀ ಪದ ಬಿಟ್ಟರೂ ಲೆಕ್ಕಕ್ಕೆ ಒಂದೇ ತಪ್ಪು. ಆದ್ದರಿಂದ ಸಂಖ್ಯೆಗಿಂತ ಗೆರೆಯ ಮೇಲೆ ಬರೆದದ್ದು ಮುಖ್ಯ. 'ಅಲ್ಲಿ' ಬದಲು 'ಅಲಿ' ಎಂದರೆ ಒತ್ತಕ್ಷರದ ತೊಡಕು, 'ಹಾಲು' ಬದಲು 'ಹಲು' ಎಂದರೆ ದೀರ್ಘದ್ದು. 'ಸೂರ್ಯ'ವನ್ನು 'ಸೂಯರ' ಎಂದು ಓದಿದ ಮಗು ಅರ್ಕಾವೊತ್ತನ್ನು ಕಣ್ಣಿಗೆ ಕಂಡ ಜಾಗದಲ್ಲೇ ಉಚ್ಚರಿಸಿದೆ. ಇದು ಅಜಾಗರೂಕತೆಯಲ್ಲ, ಆ ಚಿಹ್ನೆಯನ್ನು ಇನ್ನೂ ಸರಿಯಾಗಿ ಕಲಿಸಿಲ್ಲ ಅಷ್ಟೇ. ಇಂಥ ಮಾಹಿತಿಗಾಗಿಯೇ ಈ ಹಾಳೆ ಬೆಲೆಬಾಳುತ್ತದೆ.

ಒಂದು ಭಾಗವನ್ನು ಮಾತ್ರ ನಾವು ಒಪ್ಪುವುದಿಲ್ಲ. ಪ್ರತಿ ತಪ್ಪನ್ನೂ ಅರ್ಥ, ವಾಕ್ಯರಚನೆ, ಅಕ್ಷರರೂಪ ಎಂದು ವಿಂಗಡಿಸಿ, ಮಗು ಯಾವ ಸುಳಿವು ಹಿಡಿದಿದೆ ಎಂದು ಊಹಿಸುವ ಕ್ರಮವದು. ಅದು ಚಿತ್ರ, ಸಂದರ್ಭ ನೋಡಿ ಪದ ಊಹಿಸುವುದನ್ನೇ ಓದು ಎಂದು ಒಪ್ಪಿಕೊಳ್ಳುವತ್ತ ಎಳೆಯುತ್ತದೆ. ಈ ಬಗ್ಗೆ ಓದಿನ ಸಂಶೋಧಕರ ಆಕ್ಷೇಪ ನ್ಯಾಯವಾದದ್ದು. ತಪ್ಪನ್ನು ಪರಿಶೀಲಿಸುವಾಗ ಮೊದಲು ಅಕ್ಷರ ನೋಡಿ.

ಅರ್ಥಗ್ರಹಣವನ್ನು ಈ ಅಂಕ ಅಳೆಯುವುದಿಲ್ಲ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, ಓದಿದ್ದನ್ನು ಹೇಳಿಸಿ, ಎರಡು ಸಾಲು ಬರೆದಿಟ್ಟುಕೊಳ್ಳಿ. 40 ಮಕ್ಕಳಿದ್ದರೆ 400 ನಿಮಿಷ ಬೇಕು, ಎಲ್ಲರಿಗೂ ಪ್ರತಿ ವಾರ ಸಾಧ್ಯವಿಲ್ಲ. ಹಿಂದುಳಿದವರಿಗೆ ಎರಡು ಮೂರು ವಾರಕ್ಕೊಮ್ಮೆ, ಉಳಿದವರಿಗೆ ಶಾಲೆಯ ಟರ್ಮ್‌ಗೊಮ್ಮೆ ಮಾಡಿದರೆ ಸಾಕು. ಹಾಳೆಗಳನ್ನು ಮಗುವಿನ ಹೆಸರಿನ ಫೈಲಿನಲ್ಲಿ ದಿನಾಂಕದ ಪ್ರಕಾರ ಇಡಿ, ತರಗತಿ ಬದಲಾದಾಗ ಅಂಕಪಟ್ಟಿಯ ಜೊತೆಗೇ ಮುಂದಿನ ಶಿಕ್ಷಕರಿಗೆ ಕೊಡಿ.